ಪಂದ್ಯ ಮತ್ತು ಪಂದೆಂ: ಮೋಸದಾಟಕ್ಕೆ ಶಿಕ್ಷೆ ಕೊಡುವವರು ಯಾರು?

ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವವರು. ಆದುದರಿಂದ ಈ ಪಾಠವನ್ನು ಒಂದು ಶಬ್ದದಿಂದಲೇ ಆರಂಭಿಸುತ್ತೇವೆ. ಕನ್ನಡದಲ್ಲಿ ‘ಪಂದ್ಯ’ ಎಂದರೆ ಇಬ್ಬರು, ಅಥವಾ ಎರಡು ತಂಡಗಳು, ಎದುರೆದುರು ನಿಂತು ಆಡುವ ಆಟ. ತೆಲುಗಿನಲ್ಲಿ ‘ಪಂದೆಂ’ ಎಂದರೆ ಹಣ ಒಡ್ಡಿ ಕಟ್ಟುವ ಬಾಜಿ. ಸಂಕ್ರಾಂತಿಯ ಕೋಳಿ ಅಂಕಕ್ಕೆ ಆಂಧ್ರದವರು ‘ಕೋಡಿ ಪಂದೇಲು’ ಎನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ಕನ್ನಡದಲ್ಲಿಯೂ ‘ಪಂದ್ಯ ಕಟ್ಟುವುದು’ ಎಂದರೆ ಬಾಜಿ ಕಟ್ಟುವುದೇ. ಆಟಕ್ಕೂ ಬಾಜಿಗೂ ಹೆಸರು ಇಷ್ಟು ಹತ್ತಿರ ಇರುವುದು ಆಕಸ್ಮಿಕವಲ್ಲ. ಜನ ಸೇರಿ ಆಟ ನೋಡುವ ಕಡೆಯಲ್ಲೆಲ್ಲ, ಆಟಗಾರನಿಗೆ ಕಾಣದಂತೆ ಹಿಂದಿನ ಸಾಲಿನಲ್ಲಿ ಹಣ ಕೈ ಬದಲಾಯಿಸುತ್ತಿರುತ್ತದೆ.

ಈ ವಿಷಯವನ್ನು ನಾವು ಹುಡುಕಿಕೊಂಡು ಹೋದುದಲ್ಲ. ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಒಂಬತ್ತನೆಯ ತರಗತಿಯ ಮೂವರು ಹುಡುಗರು ನಾಲ್ಕನೆಯವನನ್ನು ತೋಳು ಹಿಡಿದು ಎಳೆದುಕೊಂಡು ಬಂದು ನಮ್ಮ ಮುಂದೆ ನಿಲ್ಲಿಸಿದರು. “ಇವ ನಮ್ಮನ್ನ ಮಾರಿಬಿಟ್ಟಾನ್ರಿ ಸಾರ್” ಎಂದರು. ವಿಚಾರಿಸಿದಾಗ ತಿಳಿದುದು ಇಷ್ಟು. ನಾಲ್ವರು ಒಂದು ತಂಡವಾಗಿ ಫೋನಿನಲ್ಲಿ ಆಡುವ ಗುಂಡಿನ ಆಟ ಉಂಟಲ್ಲ, ಅದನ್ನು ಇವರು ಭಾನುವಾರ ಸಂಜೆ ಪಕ್ಕದ ಊರಿನ ಹುಡುಗರೊಡನೆ ಆಡುತ್ತಿದ್ದರು. ಊರಿನ ಕೆಲವು ದೊಡ್ಡ ಯುವಕರು ಇವರ ಸೋಲು ಗೆಲುವಿನ ಮೇಲೆ ಬಾಜಿ ಕಟ್ಟತೊಡಗಿದ್ದರು. ನಾಲ್ವರಲ್ಲಿ ಚೆನ್ನಾಗಿ ಆಡುವ ಈ ಹುಡುಗ ಅವರಿಂದ ೫೦೦ ರೂಪಾಯಿ ಪಡೆದು, ಕೊನೆಯ ಸುತ್ತಿನಲ್ಲಿ ಮರೆಯಿಂದ ಹೊರಬಂದು ಬಯಲಿನಲ್ಲಿ ಸುಮ್ಮನೆ ನಿಂತುಬಿಟ್ಟನಂತೆ.

ಮೂವರ ಬೇಡಿಕೆ ಒಂದೇ: ಇವನನ್ನು ಶಾಲೆಯ ಕಬಡ್ಡಿ ತಂಡದಿಂದ ಶಾಶ್ವತವಾಗಿ ತೆಗೆದುಹಾಕಬೇಕು. ನಾವು ಶಾಲೆಯ ನಿಯಮಗಳನ್ನು ತೆಗೆದು ನೋಡಿದೆವು. ಶಾಲೆಗೆ ಮೊಬೈಲ್ ತರಬಾರದು ಎಂಬ ನಿಯಮವಿದೆ. ಆದರೆ ಅವನು ತಂದಿರಲಿಲ್ಲ. ಆಡಿದುದು ಊರ ಕಟ್ಟೆಯ ಮೇಲೆ, ರಜೆಯ ದಿನ. ಬೇಕೆಂದು ಸೋಲಬಾರದು ಎಂದು ಯಾವ ನಿಯಮದಲ್ಲಿಯೂ ಇಲ್ಲ. ಎರಡು ದಿನ ಬಿಟ್ಟು ಹೇಳುತ್ತೇವೆ ಎಂದು ಅವರನ್ನು ಕಳುಹಿಸಿದೆವು. ಆ ಎರಡು ದಿನಗಳಲ್ಲಿ ಓದಿದ್ದನ್ನೂ ಯೋಚಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ, ಸೋತುಕೊಡುವುದೆಲ್ಲ ತಪ್ಪೆ? ಅಜ್ಜ ಮೊಮ್ಮಗನೊಡನೆ ಚೌಕಾಬಾರ ಆಡುವಾಗ ಕಾಯಿ ಕಡಿಯುವ ಅವಕಾಶ ಬಂದರೂ ಕಾಣದವನಂತೆ ಮುಂದೆ ಹೋಗುತ್ತಾನೆ. ಇದನ್ನು ಕನ್ನಡದಲ್ಲಿ ‘ಬಿಟ್ಟುಕೊಡುವುದು’ ಎನ್ನುತ್ತೇವೆ, ಮತ್ತು ಅಜ್ಜನನ್ನು ಯಾರೂ ಬೈಯುವುದಿಲ್ಲ. ಹೊರಗಿನಿಂದ ನೋಡಿದರೆ ಅಜ್ಜ ಮಾಡಿದುದೂ ನಮ್ಮ ಹುಡುಗ ಮಾಡಿದುದೂ ಒಂದೇ. ವ್ಯತ್ಯಾಸವಿರುವುದು ಮೂರನೆಯವನಲ್ಲಿ. ಅಜ್ಜನ ಆಟಕ್ಕೆ ಅದನ್ನು ನಂಬಿ ಕುಳಿತ ಮೂರನೆಯವನು ಇಲ್ಲ. ಹುಡುಗನ ಆಟದಲ್ಲಿ ಜೊತೆಯ ಮೂವರಿದ್ದರು, ಎದುರಿನ ನಾಲ್ವರಿದ್ದರು, ನೋಡುವವರಿದ್ದರು. ಅವರೆಲ್ಲರೂ ಇದು ನಿಜವಾದ ಆಟವೆಂದು ತಿಳಿದಿದ್ದರು. ನಮ್ಮ ಪತ್ರಿಕೆಗಳು ಮ್ಯಾಚ್ ಫಿಕ್ಸಿಂಗನ್ನು ‘ಮೋಸದಾಟ’ ಎಂದು ಕರೆಯುತ್ತವೆ. ಅದು ಒಳ್ಳೆಯ ಶಬ್ದ. ಇಡೀ ಆಟವನ್ನು ಸೋಲುವುದು ಮಾತ್ರವೇ ಮೋಸದಾಟವಲ್ಲ. ಇಂಥ ಓವರಿನಲ್ಲಿ ನೋಬಾಲ್ ಹಾಕುತ್ತೇನೆ, ಇಂಥ ಸುತ್ತನ್ನು ಬಿಡುತ್ತೇನೆ ಎಂದು ಮಾತು ಕೊಡುವುದೂ, ತಂಡದ ಒಳಗಿನ ಸುದ್ದಿಯನ್ನು ಬಾಜಿಯವರಿಗೆ ಮಾರುವುದೂ ಅದೇ ಜಾತಿಗೆ ಸೇರಿದವು.

ಇದರಲ್ಲಿ ಲಾಭ ಹೇಗೆ ಬರುತ್ತದೆ? ಲೆಕ್ಕ ಸರಳವಾಗಿದೆ. ಬಲಿಷ್ಠ ತಂಡವೊಂದು ದುರ್ಬಲ ತಂಡದ ಎದುರು ಆಡುತ್ತದೆ ಎನ್ನೋಣ. ದುರ್ಬಲ ತಂಡ ಗೆಲ್ಲುವುದಿಲ್ಲವೆಂದು ಎಲ್ಲರೂ ನಂಬಿರುವುದರಿಂದ, ಬುಕ್ಕಿಯು ಅದರ ಮೇಲೆ ಕಟ್ಟಿದ ಒಂದು ರೂಪಾಯಿಗೆ ಎಂಟು ರೂಪಾಯಿ ಕೊಡುತ್ತೇನೆ ಎನ್ನುತ್ತಾನೆ. ಬಲಿಷ್ಠ ತಂಡ ಬೇಕೆಂದೇ ಸೋಲುತ್ತದೆ ಎಂದು ಮೊದಲೇ ಬಲ್ಲವನು ೧೦,೦೦೦ ಕಟ್ಟಿ ೮೦,೦೦೦ ಎತ್ತುತ್ತಾನೆ. ಅವನಿಗೆ ಅದು ಬಾಜಿಯೇ ಅಲ್ಲ. ಬೇಕಾದುದು ಒಬ್ಬ ಆಟಗಾರ, ಅದೂ ಹಣದ ಅಡಚಣೆಯಲ್ಲಿರುವ ಎಳೆಯ ವಯಸ್ಸಿನವನು ಸಿಕ್ಕಿದರೆ ಸಾಕು.

ಎಳೆಯ ವಯಸ್ಸು ಎಂದಾಗ ಇ-ಸ್ಪೋರ್ಟ್ಸಿನ ಮಾತು ಬರುತ್ತದೆ. ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ ಆಡುವ ಆಟವನ್ನು ಸಂಬಳ, ತಂಡ, ತರಬೇತುದಾರ, ಬಹುಮಾನ ಎಲ್ಲವನ್ನೂ ಇಟ್ಟುಕೊಂಡು ವೃತ್ತಿಯಾಗಿ ಆಡುವುದಕ್ಕೆ ಈ ಹೆಸರು. ೨೦೨೩ರಲ್ಲಿ ಚೀನದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳನ್ನೂ ಇಟ್ಟಿದ್ದರು. ನಮ್ಮ ದೇಶದ ಸರ್ಕಾರ ೨೦೨೨ರ ಡಿಸೆಂಬರಿನಲ್ಲಿ ಇದನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ಸೇರಿಸಿತು. ಆಡುವವರು ಬಹುಮಟ್ಟಿಗೆ ಹದಿನಾರರಿಂದ ಇಪ್ಪತ್ತೈದರ ಒಳಗಿನವರು. ದೊಡ್ಡ ತಂಡದವರಿಗೆ ಒಳ್ಳೆಯ ಸಂಬಳ, ಕೆಳಗಿನ ಹಂತದವರಿಗೆ ಏನೂ ಇಲ್ಲ ಎನ್ನುವಷ್ಟು ಕಡಿಮೆ. ಮನೆಯ ಕೋಣೆಯಲ್ಲಿ ಕುಳಿತು ಆಡಬಹುದಾದ್ದರಿಂದ ಅಂಪೈರಿನ ಕಣ್ಣು ಅಲ್ಲಿರುವುದಿಲ್ಲ. ಬಾಜಿಯವನಿಗೆ ಇದಕ್ಕಿಂತ ಅನುಕೂಲದ ಮೈದಾನ ಬೇರೆ ಯಾವುದು?

ಈ ಆಟಕ್ಕೆ ಮೊದಲು ಮನ್ನಣೆ ಕೊಟ್ಟ ದೇಶಗಳಲ್ಲಿ ಒಂದಾದ ದಕ್ಷಿಣ ಕೊರಿಯದಲ್ಲಿಯೇ ಮೊದಲ ದೊಡ್ಡ ಹಗರಣವೂ ನಡೆಯಿತು. ಅಲ್ಲಿ ‘ಸ್ಟಾರ್‌ಕ್ರಾಫ್ಟ್’ ಎಂಬ ಯುದ್ಧದ ಆಟವನ್ನು ಟೆಲಿವಿಷನ್ನಿನಲ್ಲಿ ನಮ್ಮವರು ಕ್ರಿಕೆಟ್ ನೋಡುವಂತೆ ನೋಡುತ್ತಿದ್ದರು. ೨೦೧೦ರಲ್ಲಿ ಮೋಸದಾಟ ಬಯಲಾಗಿ, ಕೊರಿಯದ ಇ-ಸ್ಪೋರ್ಟ್ಸ್ ಸಂಘ ೧೧ ಆಟಗಾರರನ್ನು ಜೀವಾವಧಿ ನಿಷೇಧಿಸಿತು. ಇಷ್ಟಾದ ಮೇಲೆ ಮುಂದಿನವರು ಎಚ್ಚರಗೊಂಡಿರಬೇಕಲ್ಲವೆ? ಹಾಗಾಗಲಿಲ್ಲ. ಅದೇ ಆಟದ ಎರಡನೆಯ ಆವೃತ್ತಿಯಲ್ಲಿ ‘ಲೈಫ್’ ಎಂಬ ಹೆಸರಿನಿಂದ ಆಡುತ್ತಿದ್ದ ಲೀ ಸಂಗ್-ಹ್ಯುನ್ ಎಂಬ ಹುಡುಗನಿದ್ದ. ೨೦೧೨ರಲ್ಲಿ ಕೊರಿಯದ ಅತ್ಯುನ್ನತ ಲೀಗನ್ನು ಗೆದ್ದಾಗ ಅವನಿಗೆ ೧೫ ವರ್ಷ. ನಮ್ಮ ಹತ್ತನೆಯ ತರಗತಿಯವರ ವಯಸ್ಸು. ೨೦೧೪ರಲ್ಲಿ ವಿಶ್ವ ಚಾಂಪಿಯನ್ ಆದ. ಮರುವರ್ಷವೇ, ೨೦೧೫ರಲ್ಲಿ, ಎರಡು ಆಟಗಳನ್ನು ಸೋಲಲು ೭ ಕೋಟಿ ವೊನ್ ಪಡೆದ. ನಮ್ಮ ಲೆಕ್ಕದಲ್ಲಿ ಅಂದಿಗೆ ಸುಮಾರು ೪೦ ಲಕ್ಷ ರೂಪಾಯಿ. ೨೦೧೬ರಲ್ಲಿ ಬಂಧನವಾಯಿತು. ನ್ಯಾಯಾಲಯ ೧೮ ತಿಂಗಳ ಸಜೆ ವಿಧಿಸಿ, ಅದನ್ನು ಮೂರು ವರ್ಷ ಅಮಾನತಿನಲ್ಲಿಟ್ಟಿತು. ಪಡೆದಷ್ಟೇ ಹಣವನ್ನು ದಂಡವಾಗಿ ಕಟ್ಟಿಸಿತು. ಸಂಘ ಜೀವಾವಧಿ ನಿಷೇಧ ಹಾಕಿತು. ಜಗತ್ತಿನಲ್ಲಿ ಆ ಆಟವನ್ನು ಅವನಷ್ಟು ಚೆನ್ನಾಗಿ ಆಡುವವರು ಬೆರಳೆಣಿಕೆಯಷ್ಟು ಮಂದಿ ಇದ್ದರು. ಹಸಿದವನು ಕದ್ದ ಎಂದರೆ ಅರ್ಥವಾದೀತು. ಗೆದ್ದವನು ಏಕೆ ಸೋತುಕೊಟ್ಟ ಎಂಬುದು ನಮಗೆ ಈಗಲೂ ಅರ್ಥವಾಗಿಲ್ಲ.

ಅಮೆರಿಕದ ಇನ್ನೊಂದು ಪ್ರಕರಣ ನಿಮಗೆ ಇನ್ನೂ ಹತ್ತಿರದ್ದು ಎನಿಸೀತು. ೨೦೧೪ರ ಆಗಸ್ಟಿನಲ್ಲಿ ‘ಕೌಂಟರ್ ಸ್ಟ್ರೈಕ್’ ಆಟದಲ್ಲಿ ಐಬೈಪವರ್ ಎಂಬ ಬಲಿಷ್ಠ ತಂಡ ನೆಟ್‌ಕೋಡ್‌ಗೈಡ್ಸ್ ಎಂಬ ತಂಡಕ್ಕೆ ಬೇಕೆಂದೇ ಸೋತಿತು. ಬಾಜಿ ಕಟ್ಟಿದುದು ನೋಟುಗಳನ್ನಲ್ಲ. ಆಟದೊಳಗಿನ ಬಂದೂಕುಗಳ ಮೇಲೆ ಬಳಿಯುವ ಬಣ್ಣದ ‘ಸ್ಕಿನ್’ಗಳನ್ನು. ಅವು ಒಂದೊಂದೂ ಬೆಲೆಬಾಳುವ ವಸ್ತುಗಳೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಆಟದ ಮಾಲೀಕ ಸಂಸ್ಥೆಯಾದ ವಾಲ್ವ್ ೨೦೧೫ರ ಜನವರಿಯಲ್ಲಿ ಏಳು ಮಂದಿಯನ್ನು ತನ್ನ ಪಂದ್ಯಗಳಿಂದ ಹೊರಹಾಕಿತು. ಸೋತ ತಂಡದ ಐವರಲ್ಲಿ ಒಬ್ಬನು ಮಾತ್ರ ತನ್ನ ಪಾಲಿಗೆ ಬಂದ ಸ್ಕಿನ್‌ಗಳನ್ನು ಬೇಡವೆಂದಿದ್ದ. ಅವನಿಗೆ ನಿಷೇಧ ತಟ್ಟಲಿಲ್ಲ. ಮರುವರ್ಷ ವಾಲ್ವ್ ಈ ನಿಷೇಧ ಶಾಶ್ವತವೆಂದಿತು. ಆದರೆ ಇಎಸ್‌ಎಲ್ ಎಂಬ ಮತ್ತೊಂದು ಸಂಸ್ಥೆ ೨೦೧೭ರಲ್ಲಿ ತನ್ನ ಪಂದ್ಯಗಳ ಮಟ್ಟಿಗೆ ಅವರನ್ನು ಒಳಗೆ ಬಿಟ್ಟುಕೊಂಡಿತು. ಒಂದೇ ತಪ್ಪಿಗೆ ಒಂದು ಮನೆಯಲ್ಲಿ ಕ್ಷಮೆ, ಮತ್ತೊಂದು ಮನೆಯಲ್ಲಿ ಬಾಗಿಲು ಬಂದ್.

ಭಾರತದ ಹೆಸರು ಕೆಟ್ಟ ಪ್ರಸಂಗವೂ ಒಂದುಂಟು. ಅದು ಸೋತುಕೊಟ್ಟದ್ದಲ್ಲ, ಕಳ್ಳತನದಿಂದ ಗೆಲ್ಲಲು ಹೋದದ್ದು. ೨೦೧೮ರ ಅಕ್ಟೋಬರಿನಲ್ಲಿ ಶಾಂಘೈ ನಗರದಲ್ಲಿ ಆಪ್ಟಿಕ್ ಇಂಡಿಯಾ ಎಂಬ ತಂಡ ಆಡುತ್ತಿತ್ತು. ಅದರ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಗುರಿಯನ್ನು ತಾನಾಗಿ ಹಿಡಿದುಕೊಡುವ ಕಳ್ಳ ತಂತ್ರಾಂಶವಿತ್ತು. ಅದಕ್ಕೆ ಬರವಣಿಗೆಯ ಕಡತವೆಂದು ತೋರುವಂತೆ ‘ವರ್ಡ್’ ಎಂದು ಹೆಸರಿಟ್ಟಿದ್ದ! ಅಧಿಕಾರಿ ಬಂದು ನೋಡಿದಾಗ ಸಿಕ್ಕಿಬಿದ್ದ. ತಂಡ ಪಂದ್ಯಾವಳಿಯಿಂದ ಅನರ್ಹವಾಯಿತು, ಅವನಿಗೆ ಐದು ವರ್ಷ ನಿಷೇಧವಾಯಿತು. ತಂಡ ಕಟ್ಟಿದ್ದ ಸಂಸ್ಥೆಯು ಐವರನ್ನೂ ಕೈಬಿಟ್ಟಿತು. ಉಳಿದ ನಾಲ್ವರು ಮಾಡಿದ ತಪ್ಪೇನು? ಒಂದೇ ಸಾಲಿನಲ್ಲಿ ಕುಳಿತಿದ್ದುದು.

ಈಗ ನಮ್ಮ ನೆರೆಯ ಕರ್ನಾಟಕಕ್ಕೆ ಬರೋಣ. ಶಿಕ್ಷೆ ಕೊಡುವವರು ಯಾರು ಎಂಬ ಪ್ರಶ್ನೆಗೆ ನಮಗೆ ಬೆಳಕು ಸಿಕ್ಕಿದುದು ಅಲ್ಲಿಯೇ. ಆದರೆ ಅಲ್ಲಿ ಆಟ ಇ-ಸ್ಪೋರ್ಟ್ಸ್ ಅಲ್ಲ, ಕ್ರಿಕೆಟ್. ೨೦೧೯ರ ಆಗಸ್ಟ್ ೩೧ರಂದು ಕರ್ನಾಟಕ ಪ್ರೀಮಿಯರ್ ಲೀಗಿನ ಫೈನಲ್ ಮೈಸೂರಿನಲ್ಲಿ ನಡೆಯಿತು. ಹುಬ್ಬಳ್ಳಿ ತಂಡ ಬಳ್ಳಾರಿ ತಂಡವನ್ನು ೮ ರನ್ನುಗಳಿಂದ ಸೋಲಿಸಿತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆ ಲೀಗಿನ ಒಬ್ಬ ತಂಡದ ಮಾಲೀಕ, ಒಬ್ಬ ತರಬೇತುದಾರ, ಕೆಲವು ಆಟಗಾರರನ್ನು ಬಂಧಿಸತೊಡಗಿದರು. ಫೈನಲಿನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು ೨೦ ಲಕ್ಷ ರೂಪಾಯಿ ಪಡೆದರೆಂಬ ಆಪಾದನೆಯೂ ಇತ್ತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ೪೨೦ನೆಯ ಕಲಮಿನ ಮೇಲೆ, ಅಂದರೆ ವಂಚನೆಯೆಂದು, ಮೊಕದ್ದಮೆ ಹೂಡಿದರು.

ಆರೋಪಿಗಳಲ್ಲಿ ಕೆಲವರು ಹೈಕೋರ್ಟಿಗೆ ಹೋದರು. ೨೦೨೨ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಅವರ ಮೇಲಿನ ಮೊಕದ್ದಮೆಯನ್ನು ರದ್ದುಮಾಡಿತು. ಆದುದರಿಂದ ಅವರನ್ನು ನಾವು ಅಪರಾಧಿಗಳೆನ್ನುವಂತಿಲ್ಲ, ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಮಗೆ ಬೇಕಾದುದು ನ್ಯಾಯಾಲಯ ಕೊಟ್ಟ ಕಾರಣ. ಕಾನೂನಿನಲ್ಲಿ ವಂಚನೆಯಾಗಬೇಕಾದರೆ ಒಬ್ಬನು ಇನ್ನೊಬ್ಬನನ್ನು ಮರುಳುಮಾಡಿ ಅವನಿಂದ ಸ್ವತ್ತನ್ನು ಕೊಡಿಸಿಕೊಂಡಿರಬೇಕು. ಟಿಕೆಟ್ ಕೊಂಡವನು ನ್ಯಾಯವಾದ ಆಟ ನೋಡುತ್ತೇನೆಂದು ತಿಳಿದಿರಬಹುದು. ಆದರೆ ಕೊಂಡುದು ತನ್ನ ಇಚ್ಛೆಯಿಂದ. ಆಟಗಾರ ಮೋಸದಾಟ ಆಡಿದರೆ ಅಭಿಮಾನಿಗಳಿಗೆ ಮೋಸಹೋದೆವೆಂಬ ಭಾವನೆ ಬರುವುದು ಸಹಜ, ಆ ಭಾವನೆಯಿಂದಲೇ ಅಪರಾಧ ಹುಟ್ಟುವುದಿಲ್ಲ. ಅದು ಅಪ್ರಾಮಾಣಿಕತೆ, ಅಶಿಸ್ತು. ಅದಕ್ಕೆ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗೆ ಇದೆ. ತೀರ್ಪಿನ ತಿರುಳು ಇದು.

ಮೊದಲ ಸಲ ಓದಿದಾಗ ನಮಗೆ ಸಿಟ್ಟು ಬಂದಿತು. ನಮ್ಮ ನಡಿಗಡ್ಡೆ ಹತ್ತಿ ಬೀಜ ಬೆಳೆಯುವ ಸೀಮೆ. ಬೀಜದ ಪೊಟ್ಟಣ ಕೊಳ್ಳುವ ರೈತನೂ ತನ್ನ ಇಚ್ಛೆಯಿಂದಲೇ ಕೊಳ್ಳುತ್ತಾನೆ. ಒಳಗಿನ ಬೀಜ ಸಾಚಾ ಎಂದು ನಂಬಿ, ಸಾಲ ಮಾಡಿ, ಬಿತ್ತಿ, ಕಾಯಿ ಕಟ್ಟುವ ಕಾಲಕ್ಕೆ ನಕಲಿಯೆಂದು ತಿಳಿದರೆ, ‘ನೀನಾಗಿ ಕೊಂಡೆಯಲ್ಲ’ ಎಂದರೆ ಅವನು ಸುಮ್ಮನಿರುವನೆ? ಎರಡನೆಯ ಸಲ ಓದಿದಾಗ ತಿಳಿಯಿತು: ರೈತನ ಬೆನ್ನಿಗೆ ೧೯೬೬ರ ಬೀಜ ಕಾಯಿದೆ ಇದೆ. ಆಟ ನೋಡುವವನ ಬೆನ್ನಿಗೆ ಅಂಥ ಕಾಯಿದೆ ಇಲ್ಲ. ಇಲ್ಲದ ಕಾಯಿದೆಯನ್ನು ನ್ಯಾಯಾಧೀಶರು ತಾವೇ ಹುಟ್ಟಿಸುವಂತಿಲ್ಲ. ೨೦೧೮ರ ಜುಲೈನಲ್ಲಿ ಭಾರತದ ಕಾನೂನು ಆಯೋಗ ತನ್ನ ೨೭೬ನೆಯ ವರದಿಯಲ್ಲಿ ಮೋಸದಾಟವನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಬೇಕೆಂದು ಸಲಹೆ ಕೊಟ್ಟಿತ್ತು. ನೆರೆಯ ಶ್ರೀಲಂಕಾ ೨೦೧೯ರಲ್ಲಿ ಅಂಥ ಕಾಯಿದೆಯನ್ನು ಮಾಡಿಯೂ ಆಯಿತು.

ಹಾಗಾದರೆ ಬಾಜಿಯ ಮೇಲೆ ನಮ್ಮಲ್ಲಿ ಕಾನೂನೇ ಇಲ್ಲವೆಂದು ತಿಳಿಯಬೇಡಿ. ನಮ್ಮ ತೆಲಂಗಾಣದಲ್ಲಿ ೧೯೭೪ರ ಜೂಜು ಕಾಯಿದೆಯನ್ನು ೨೦೧೭ರಲ್ಲಿ ತಿದ್ದಿ, ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನೂ ಅದರೊಳಗೆ ಸೇರಿಸಲಾಯಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಇ-ಸ್ಪೋರ್ಟ್ಸನ್ನು ಒಂದು ಕಡೆಗೂ, ಹಣದ ಆಟಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಿ, ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸಜೆ, ಒಂದು ಕೋಟಿ ರೂಪಾಯಿಯವರೆಗೆ ದಂಡ ಎಂದಿದೆ. ಆದುದರಿಂದ ಕಟ್ಟೆಯ ಮೇಲೆ ಕುಳಿತು ಮಕ್ಕಳ ಆಟಕ್ಕೆ ಬಾಜಿ ಕಟ್ಟುತ್ತಿದ್ದ ಆ ದೊಡ್ಡವರು ತಮ್ಮದು ವಿನೋದವೆಂದು ತಿಳಿದಿದ್ದರೆ ಅದು ಅವರ ತಪ್ಪು ತಿಳುವಳಿಕೆ.

ಇನ್ನು ಶಿಸ್ತುಕ್ರಮದ ಮಾತು. ಅಧಿಕಾರ ಆಟದ ಮಂಡಳಿಯದೆಂದು ಒಪ್ಪಿದರೂ, ಮಂಡಳಿ ಮನಬಂದಂತೆ ಮಾಡಬಹುದೆ? ಇದಕ್ಕೆ ಉದಾಹರಣೆ ಹೈದರಾಬಾದಿನಲ್ಲಿಯೇ ಇದೆ. ಭಾರತ ತಂಡದ ನಾಯಕರಾಗಿದ್ದ ಮಹಮ್ಮದ್ ಅಜರುದ್ದೀನ್ ಅವರನ್ನು ಕ್ರಿಕೆಟ್ ಮಂಡಳಿ ೨೦೦೦ದ ಡಿಸೆಂಬರಿನಲ್ಲಿ ಜೀವಾವಧಿ ನಿಷೇಧಿಸಿತು. ಆ ನಿಷೇಧ ಕಾನೂನಿಗೆ ಸರಿಯಿಲ್ಲವೆಂದು ಆಂಧ್ರಪ್ರದೇಶ ಹೈಕೋರ್ಟು ತೀರ್ಪು ಕೊಟ್ಟುದು ೨೦೧೨ರ ನವೆಂಬರಿನಲ್ಲಿ. ನಡುವೆ ಹನ್ನೆರಡು ವರ್ಷ ಕಳೆದು ಅವರಿಗೆ ೪೯ ವಯಸ್ಸಾಗಿತ್ತು. ಕಳೆದ ಇನ್ನಿಂಗ್ಸುಗಳನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು. ವಿಚಾರಣೆಯನ್ನು ನೆಟ್ಟಗೆ ಮಾಡುವುದು ತಪ್ಪಿತಸ್ಥನ ಮೇಲಿನ ಕರುಣೆಯಿಂದಲ್ಲ. ಮುಂದೊಂದು ದಿನ ಶಿಕ್ಷೆಯೇ ಬಿದ್ದುಹೋಗಬಾರದೆಂಬ ಎಚ್ಚರದಿಂದ.

ಇ-ಸ್ಪೋರ್ಟ್ಸಿನಲ್ಲಿ ೨೦೧೬ರಲ್ಲಿ ಇಸಿಕ್ ಎಂಬ ನೀತಿಪಾಲನೆಯ ಸಂಸ್ಥೆ ಹುಟ್ಟಿತು. ಶಾಂಘೈ ಪ್ರಕರಣದ ಐದು ವರ್ಷಗಳ ನಿಷೇಧ ಹಾಕಿದುದೂ ಇದೇ. ೨೦೨೦ರಲ್ಲಿ ಅದು ಮಾಡಿದ ಒಂದು ಕೆಲಸ ನಮಗೆ ಮೆಚ್ಚಿಗೆಯಾಯಿತು. ಕೌಂಟರ್ ಸ್ಟ್ರೈಕಿನಲ್ಲಿ ಒಂದು ದೋಷವಿತ್ತು. ತರಬೇತುದಾರನು ಎದುರಾಳಿಗಳು ಎಲ್ಲಿದ್ದಾರೆಂದು ಮೇಲಿನಿಂದ ಕದ್ದು ನೋಡಬಹುದಾಗಿತ್ತು. ಕಂಪ್ಯೂಟರಿನ ಆಟದಲ್ಲಿ ಒಂದು ಗುಣವುಂಟು: ಪ್ರತಿಯೊಂದು ಆಟವೂ ಅಕ್ಷರ ಬಿಡದೆ ದಾಖಲೆಯಾಗಿರುತ್ತದೆ. ಹಳೆಯ ದಾಖಲೆಗಳನ್ನೆಲ್ಲ ತಿರುಗಿಸಿ ನೋಡಿ ೩೭ ತರಬೇತುದಾರರ ಮೇಲೆ ಕ್ರಮ ಕೈಗೊಂಡರು. ಎಲ್ಲರಿಗೂ ಒಂದೇ ಶಿಕ್ಷೆಯಲ್ಲ. ಎಷ್ಟು ಸಲ, ಎಷ್ಟು ಹೊತ್ತು ನೋಡಿದರೆಂಬುದನ್ನು ತೂಗಿ, ನಾಲ್ಕು ತಿಂಗಳಿಗೂ ಕಡಿಮೆಯಿಂದ ಹಿಡಿದು ೩೬ ತಿಂಗಳವರೆಗೆ. ತಾವಾಗಿ ಒಪ್ಪಿಕೊಂಡವರಿಗೆ ರಿಯಾಯಿತಿ.

ಬುಧವಾರ ಆ ಹುಡುಗನನ್ನು ಒಬ್ಬನನ್ನೇ ಕರೆದೆವು. ಹೊಡೆಯುತ್ತೇವೆಂದು ತಿಳಿದು ದೂರದಲ್ಲಿಯೇ ನಿಂತಿದ್ದ. ಕೇಳಿದ್ದಕ್ಕೆ ಒಪ್ಪಿಕೊಂಡ. ಮೊದಲು ಆಗುವುದಿಲ್ಲ ಎಂದನಂತೆ. “ಫೋನಿನ ಆಟ ಅಷ್ಟೇ ಅಲ್ಲೇನೋ, ನಿಜವಾದ ಆಟ ಅಲ್ಲವಲ್ಲ” ಎಂದು ಅವರು ಹೇಳಿದ ಮೇಲೆ ಕೈಚಾಚಿದನಂತೆ. ಕಂಪಾಸ್ ಪೆಟ್ಟಿಗೆ ತೆರೆದು, ಮಡಿಸಿ ಇಟ್ಟಿದ್ದ ೩೦೦ ರೂಪಾಯಿಯನ್ನು ಮೇಜಿನ ಮೇಲಿಟ್ಟ. ಉಳಿದುದು ಖರ್ಚಾಗಿತ್ತು. ಆ ಹಣ ನ್ಯಾಯವಾಗಿ ಯಾರಿಗೆ ಸೇರಬೇಕೆಂದು ನಾವೂ ವ್ಯಾಯಾಮದ ಮೇಷ್ಟ್ರೂ ಅರ್ಧ ಗಂಟೆ ವಾದಿಸಿದೆವು, ಬಗೆಹರಿಯಲಿಲ್ಲ. ಕೊನೆಗೆ ಅವನ ತಂದೆಯನ್ನು ಕರೆಸಿ, ಅವರ ಕೈಯಿಂದಲೇ ಕೊಟ್ಟವರಿಗೆ ಹಿಂದಿರುಗಿಸುವಂತೆ ಮಾಡಿದೆವು. ತಂದೆ ಹೋಗಿ ಕೊಟ್ಟು, ಅಲ್ಲಿ ನಾಲ್ಕು ಮಾತು ಗಟ್ಟಿಯಾಗಿಯೇ ಆಡಿ ಬಂದರಂತೆ.

ಕಬಡ್ಡಿ ತಂಡದಿಂದ ದಸರೆ ರಜೆಯವರೆಗೆ ಹೊರಗೆ ಎಂದು ತೀರ್ಮಾನಿಸಿದೆವು. ಮೂವರಿಗೆ ಇದು ಸಾಲದೆನಿಸಿತು. ಇವನು ಕಬಡ್ಡಿಯಲ್ಲಿ ಮೋಸ ಮಾಡಿಲ್ಲವಲ್ಲ ಎಂದರೆ, “ಇಲ್ಲಿ ಮಾಡಂಗಿಲ್ಲ ಅಂತ ಏನು ಗ್ಯಾರಂಟಿ ಸಾರ್?” ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಈ ವರ್ಷದಿಂದ ಶಾಲೆಯ ಆಟಗಳ ನಿಯಮಗಳಲ್ಲಿ ಒಂದು ಸಾಲನ್ನು ಮಾತ್ರ ಸೇರಿಸಿದ್ದೇವೆ: ಎಲ್ಲಿಯೇ ಆಗಲಿ, ಯಾವ ಆಟವೇ ಆಗಲಿ, ಹಣಕ್ಕಾಗಿ ಸೋತವನು ಮೊದಲು ತನ್ನ ತಂಡದ ಮುಂದೆ ಒಪ್ಪಿಕೊಳ್ಳಬೇಕು, ಅನಂತರವೇ ಉಳಿದ ವಿಚಾರ.

ದಸರೆ ಮುಗಿದು ಅವನು ತಂಡಕ್ಕೆ ಮರಳಿದ. ನಂತರದ ಪಂದ್ಯವೊಂದರಲ್ಲಿ, ಕೊನೆಯ ನಿಮಿಷ, ಒಂದು ಅಂಕ ಹಿಂದೆ ಇದ್ದಾಗ ಅವನೇ ಉಸಿರು ಹಿಡಿದು ಎದುರಿನ ಅಂಕಣಕ್ಕೆ ಹೋದ. ಇಬ್ಬರು ಮೊಣಕಾಲು ಹಿಡಿದರು, ಒಬ್ಬ ಸೊಂಟ ಹಿಡಿದ. ಕೈ ಗೆರೆಗೆ ಒಂದು ಗೇಣು ಉಳಿಯಿತು. ನಾವು ಗೆರೆಯ ಪಕ್ಕದಲ್ಲಿಯೇ ನಿಂತಿದ್ದೆವು. ಅವನು ನಿಜವಾಗಿಯೂ ಸಿಕ್ಕಿಬಿದ್ದುದನ್ನು ಕಣ್ಣಾರೆ ಕಂಡೆವು. ಆ ಮೂವರು ಗೆರೆಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದರು. ಅವನೂ ಒಂದು ಕ್ಷಣ ಅವರ ಕಡೆ ನೋಡಿ, ಮೊಣಕಾಲಿನ ಮಣ್ಣು ಒರೆಸಿಕೊಂಡು, ಅಂಕಣದ ಹೊರಗೆ ಹೋಗಿ ಕುಳಿತ.